ಬಂದೇಸಾಬನ ದೆವ್ವದ ಕ್ಯಾಸೆಟ್ಟುಗಳು

ಸವಣೂರಿನ ಬಂದೇಸಾಬನಿಗೆ ದೆವ್ವದ ಭಯ ಇರಲಿಲ್ಲ. ಹೆಂಡತಿ ರಹಿಮಾಬಿಯ ಭಯ ಇತ್ತು, ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಹಿಡಿಯುವ ಬೂಷ್ಟಿನ ಭಯ ಇತ್ತು. ದೆವ್ವಗಳನ್ನು ಮಾತ್ರ ಅವನು ಒಳಕೋಣೆಯ ನಾಲ್ಕು ಕಬ್ಬಿಣದ ರ‍್ಯಾಕುಗಳ ತುಂಬ ಸಾಕಿಕೊಂಡಿದ್ದ. ಆರುನೂರು ಚಿಲ್ಲರೆ ವಿಡಿಯೋ ಕ್ಯಾಸೆಟ್ಟು, ಅದರ ಮೇಲೆ ಎರಡು ಗೋಣಿಚೀಲದಷ್ಟು ಸಿ.ಡಿ. ಎಲ್ಲವೂ ದೆವ್ವದ್ದು, ಇಲ್ಲವೇ ಬೇರೆ ಗ್ರಹದಿಂದ ಇಳಿದು ಬಂದವರದ್ದು, ಎಲ್ಲವೂ ಮೂರು ಕಾಸಿನ ಖರ್ಚಿನಲ್ಲಿ ತೆಗೆದದ್ದು. ಒಳ್ಳೆಯ ಸಿನಿಮಾ ಎಂಬುದು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ಅಷ್ಟೇ ಪ್ರೀತಿಯಿಂದ ವಾಪಸು ಕಳಿಸುತ್ತಿದ್ದ.

"ಮಂದಿ ದೆವ್ವಾ ಬಿಡಿಸಾಕ ತಾಯಿತ ಕಟ್ಟಸ್ತಾರ, ನೀವು ಊರೂರು ತಿರುಗಿ ಮನಿಗೆ ತರತೀರಿ" ಎಂದು ರಹಿಮಾಬಿ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಳು. ಅವಳ ಮಾತು ಸುಳ್ಳಲ್ಲ.

ಎಂಬತ್ತೆಂಟರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಅವನು ವಿಡಿಯೋ ಲೈಬ್ರರಿ ತೆಗೆದಿದ್ದ. ಟಿ.ವಿ., ವಿ.ಸಿ.ಆರ್. ಎರಡನ್ನೂ ಕೌದಿಯಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಕೊಂಡು ಹತ್ತಿಮತ್ತೂರು, ತಡಸ ಎಂದು ಹಳ್ಳಿಹಳ್ಳಿಗೆ ಬಾಡಿಗೆಗೆ ಒಯ್ಯುತ್ತಿದ್ದ. ಮದುವೆಯ ಸೀಜನ್ನಿನಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಶೂಟಿಂಗ್ ಮಾಡುತ್ತಿದ್ದ. ಆಮೇಲೆ ಕೇಬಲ್ ಬಂತು, ಡಿಶ್ ಬಂತು, ಕೊನೆಗೆ ಎಲ್ಲರ ಜೇಬಿನಲ್ಲೂ ಒಂದೊಂದು ಟಾಕೀಸು ಬಂತು. ಬಂದೇಸಾಬ ಅದೇ ಅಂಗಡಿಯಲ್ಲಿ ಮಿಕ್ಸಿ ರಿಪೇರಿಗೆ ಕುಳಿತ.

ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರಿನ ವಿಡಿಯೋ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಸಂಸಾರದ ಚಿತ್ರಗಳನ್ನು ಮಂದಿ ಒಯ್ದರು, ಭಕ್ತಿಯ ಚಿತ್ರಗಳನ್ನು ಕಣ್ಣಿಗೆ ಒತ್ತಿಕೊಂಡು ಒಯ್ದರು. ದೆವ್ವಗಳು ಅನಾಥವಾದವು. ಅವನ್ನೆಲ್ಲ ಬಂದೇಸಾಬ ಮನೆಗೆ ತಂದ. ಮಾಸೂರಿನ ರೈತನೊಬ್ಬ ಒಂದು ಕ್ಯಾಸೆಟ್ಟಿನ ಟೇಪು ಬಿಚ್ಚಿ, ಹಕ್ಕಿ ಬೆದರಿಸಲೆಂದು ಭತ್ತದ ಗದ್ದೆಯ ಸುತ್ತ ಎಳೆದು ಕಟ್ಟಿದ್ದ. ಬಂದೇಸಾಬ ಅದನ್ನು ಪೆನ್ಸಿಲ್ಲಿಗೆ ಸುತ್ತಿಕೊಂಡು ತಂದು, ಒರೆಸಿ, ಹೊಸ ಡಬ್ಬಿಗೆ ಹಾಕಿ ಓಡಿಸಿದ. ಗುಬ್ಬಿ ಕೂಡ ಹೆದರದ ಸಿನಿಮಾ ಅದು, ರೈತನೇ ಹೇಳಿದ್ದ.

ಇಂಥ ಚಿತ್ರಗಳಲ್ಲಿ ಅವನಿಗೆ ಏನು ಕಂಡಿತ್ತೆಂದರೆ ಝಿಪ್ಪು. ರಾಕ್ಷಸ ಕಿರುಚುತ್ತ ಬರುತ್ತಾನೆ, ಹೀರೋಯಿನ್ ಮೂರ್ಛೆ ಹೋಗುತ್ತಾಳೆ, ರಾಕ್ಷಸ ಅತ್ತ ತಿರುಗಿದಾಗ ಬೆನ್ನ ಮೇಲೆ ಝಿಪ್ಪು. ಹಾರುವ ತಟ್ಟೆಗೆ ಮೇಲಿನಿಂದ ದಾರ. ಅದು ಕಂಡ ಕೂಡಲೇ ಬಂದೇಸಾಬ ತೊಡೆ ತಟ್ಟಿ ನಗುತ್ತಿದ್ದ. ಈ ಚಾಳಿ ಎಷ್ಟು ಅಂಟಿತೆಂದರೆ ಊರಿನಲ್ಲಿ ಯಾರು ಭಾಷಣಕ್ಕೆ ನಿಂತರೂ, ಭವಿಷ್ಯ ಹೇಳಿದರೂ, ಗೇಣು ಜಾಗಕ್ಕೆ ಭೂಮಿಪೂಜೆ ಮಾಡಿದರೂ ಅವನು ಮೆಲ್ಲಗೆ ಹಿಂದೆ ಹೋಗಿ ಬೆನ್ನು ನೋಡುತ್ತಿದ್ದ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂಬ ಮಾತು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಊರವರು ಅವನನ್ನು 'ದೆವ್ವದ ಸಾಬ' ಎನ್ನುತ್ತಿದ್ದರು. ಶಿಗ್ಗಾಂವಿಯ ಕಾಲೇಜು ಮೇಷ್ಟ್ರು ಮಾಲತೇಶ ಒಂದು ದಿನ ಬಂದು, ಆ ಕೋಣೆಯನ್ನು ಮೊಬೈಲಿನಲ್ಲಿ ಹಿಡಿದು ಜಗತ್ತಿಗೆ ಬಿಟ್ಟ. ಮೂರು ಲಕ್ಷ ಮಂದಿ ನೋಡಿದರು. ಮೂರು ಲಕ್ಷ ಮಂದಿ ನೋಡಿದ್ದನ್ನು ಸವಣೂರು ನೋಡದಿರಲು ಆಗುತ್ತದೆಯೆ? ದೆವ್ವದ ಸಾಬ ರಾತ್ರೋರಾತ್ರಿ 'ಹಿರಿಯ ಸಂಗ್ರಾಹಕರು' ಆದ. ಎದುರು ಮನೆಯವನು ಇಪ್ಪತ್ತು ವರ್ಷದ ಮೇಲೆ ಮಾತಾಡಿಸಿದ. ಸಮುದಾಯ ಭವನದಲ್ಲಿ ಸನ್ಮಾನ ಎಂದು ಫ್ಲೆಕ್ಸ್ ಬಿತ್ತು. ಅದರಲ್ಲಿ ಮುಖ್ಯ ಅತಿಥಿಗಳ ಮುಖ ಬಾಗಿಲಷ್ಟು, ಬಂದೇಸಾಬನ ಮುಖ ಅಂಚೆಚೀಟಿಯಷ್ಟು. ಅಷ್ಟಕ್ಕೇ ಅವನ ಎದೆ ತುಂಬಿ ಬಂತು. ಅರವತ್ತು ವರ್ಷದಲ್ಲಿ ಯಾರೂ ಅವನಿಗೆ ಒಂದು ಹಾರ ಹಾಕಿರಲಿಲ್ಲ.

"ಕಾರ್ಯಕ್ರಮದಾಗ ನಿಮ್ಮ ಉಣ್ಣಿ ಪಿಚ್ಚರ್ ಹಚ್ಚೂಣ್ರಿ ಕಾಕಾ. ಅದು ಎಲ್ಲೂ ಸಿಗಂಗಿಲ್ಲ" ಎಂದ ಮಾಲತೇಶ.

ಬಂದೇಸಾಬ ಕೈಯಲ್ಲಿದ್ದ ಮಿಕ್ಸಿಯ ಬ್ಲೇಡನ್ನು ಕೆಳಗಿಟ್ಟ.

ಉಣ್ಣಿ ಪಿಚ್ಚರ್ ಅವನ ಸಂಗ್ರಹದ ಮುಕುಟಮಣಿ. ಬೇರೆ ಗ್ರಹದಿಂದ ಎಮ್ಮೆಗಾತ್ರದ ಉಣ್ಣಿಯೊಂದು ಬಂದು ಊರಿನ ರಕ್ತ ಹೀರುವ ಕಥೆ. ಉಣ್ಣಿಯೊಳಗಿನ ಮನುಷ್ಯನ ಚಪ್ಪಲಿ ಎರಡು ಕಡೆ ಕಾಣುತ್ತದೆ. ತೊಂಬತ್ತನಾಲ್ಕರಲ್ಲಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಅದರ ಪ್ರತಿಯನ್ನು ಒಂದೇ ದಿನದ ಮಟ್ಟಿಗೆ ಕೊಟ್ಟಿದ್ದ. ಆವತ್ತು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟು ಇರಲಿಲ್ಲ. ಇದ್ದದ್ದು ಹತ್ತಿಮತ್ತೂರಿನ ಗೋಣೆಪ್ಪನ ಮದುವೆಯ ಕ್ಯಾಸೆಟ್ಟು. ಆಗೆಲ್ಲ ಹಳ್ಳಿಯವರು ಮದುವೆಯ ಕ್ಯಾಸೆಟ್ಟನ್ನು ಅಂಗಡಿಯಲ್ಲೇ ಬಿಡುತ್ತಿದ್ದರು, ಮನೆಯಲ್ಲಿ ವಿ.ಸಿ.ಆರ್. ಎಲ್ಲಿತ್ತು? ಸುಗ್ಗಿ ಮುಗಿದ ಮೇಲೆ ಬಾಡಿಗೆಗೆ ತರಿಸಿ, ಓಣಿಯವರನ್ನೆಲ್ಲ ಕೂರಿಸಿ ನೋಡುವುದು ರೂಢಿ. ಗೋಣೆಪ್ಪ ಐದು ತಿಂಗಳಾದರೂ ಬಂದಿರಲಿಲ್ಲ. ಬಂದೇಸಾಬ ಹಿಂದೆ ಮುಂದೆ ನೋಡದೆ ಅವನ ಮದುವೆಯ ಮೇಲೆ ಉಣ್ಣಿಯನ್ನು ಕೂರಿಸಿಬಿಟ್ಟ.

ಪಂಚಮಿಗೆ ಗೋಣೆಪ್ಪ ಹೊಸ ಹೆಂಡತಿ ದುರಗವ್ವನನ್ನು ಕರೆದುಕೊಂಡು ಬಂದ. "ಲೈಟಿನ ಕಾವಿಗೆ ಟೇಪ ಸುಟ್ಟೈತ್ರಿ" ಎಂದ ಬಂದೇಸಾಬ. ಅವರು ನಂಬಿ ವಾಪಸು ಹೋದರು. ಆದರೆ ಮಾತು ಹತ್ತಿಮತ್ತೂರು ತಲುಪಿದಾಗ ಗೋಣೆಪ್ಪನ ತಾಯಿ ಸರೋಜವ್ವ, "ಮದುವಿ ಕ್ಯಾಸೆಟ್ಟ ಸುಟ್ಟಿತಂದ್ರ ಇಕಿ ಕಾಲ್ಗುಣಾ ಎಂಥಾದ್ದಿರಬೇಕು" ಎಂದಳು. ಅಂದಿನಿಂದ ದುರಗವ್ವನನ್ನು ಯಾರೂ ಅರಿಷಿಣ ಹಚ್ಚಲು ಕರೆಯಲಿಲ್ಲ, ತೊಟ್ಟಿಲು ತೂಗಲು ಕರೆಯಲಿಲ್ಲ. ಹನ್ನೆರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಮಗುಚಿ ಗೋಣೆಪ್ಪ ಸತ್ತಾಗ ಸರೋಜವ್ವ ಎದೆ ಬಡಿದುಕೊಂಡು ಹೇಳಿದ್ದೂ ಆ ಕ್ಯಾಸೆಟ್ಟಿನ ಮಾತೇ. ಇದೆಲ್ಲ ಬಂದೇಸಾಬನ ಕಿವಿಗೆ ಬಿದ್ದಿತ್ತು. "ಹಳ್ಳಿ ಮಂದಿ, ಎಲ್ಲಾದಕ್ಕೂ ಶಕುನಾ ನೋಡ್ತಾರ" ಎಂದು ನಕ್ಕು, ಮಿಕ್ಸಿಯ ಬ್ಲೇಡು ತಿರುಗಿಸಿದ್ದ.

ಸಿನಿಮಾ ಒಂದೂಕಾಲು ತಾಸು, ಟೇಪು ಮೂರು ತಾಸಿನದು. ಉಣ್ಣಿ ಸತ್ತ ಮೇಲೆ ಗೋಣೆಪ್ಪನ ಮದುವೆಯ ಉಳಿದರ್ಧ ಹಾಗೆಯೇ ಇತ್ತು. ಅಲ್ಲಿಗೆ ಬಂದ ಕೂಡಲೇ ಬಂದೇಸಾಬ ಬಂದ್ ಮಾಡುತ್ತಿದ್ದ, ಮೂವತ್ತು ವರ್ಷವೂ. ಈಗ ಬ್ಯಾಡ ಎಂದರೆ ಮಾಲತೇಶ ಯಾಕೆ ಎನ್ನುತ್ತಾನೆ. ಬಂದೇಸಾಬ ಲೆಕ್ಕ ಹಾಕಿದ: ಹತ್ತೂವರೆಗೆ ಹಚ್ಚಿದರೆ ಹನ್ನೊಂದೂಮುಕ್ಕಾಲಿಗೆ ಸಿನಿಮಾ ಖಲಾಸ್. ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ಬರುತ್ತಾರೆ ಎಂದು ಫ್ಲೆಕ್ಸಿನಲ್ಲೇ ಇದೆ. ಅವರು ಬಂದಾಗ ಹೇಗೂ ನಿಲ್ಲಿಸಲೇಬೇಕು. ಮುಖ್ಯ ಅತಿಥಿಗಳು ಹೇಳಿದ ಹೊತ್ತಿಗೆ ಬರುತ್ತಾರೆಂದು ನಂಬಿದ್ದು, ಈ ಊರಿನಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು. ಹಾರದ ಆಸೆ ಬುದ್ಧಿಯನ್ನು ತಿಂದಿತ್ತು.

ಆ ದಿನ ಭವನ ತುಂಬಿತು. ಉಪ್ಪಿಟ್ಟು, ಶಿರಾ ಇದೆಯೆಂದು ಫ್ಲೆಕ್ಸಿನಲ್ಲಿ ಹಾಕದಿದ್ದರೂ ಅದು ಹೇಗೋ ಎಲ್ಲರಿಗೂ ಗೊತ್ತಿತ್ತು. ವೇದಿಕೆಯ ಮೇಲೆ ಬಂದೇಸಾಬನಿಗೆ ಮೊದಲೇ ಶಾಲು ಹೊದಿಸಿ ಕೂರಿಸಿದರು. ದೊಡ್ಡ ಪರದೆಯ ಮೇಲೆ ಉಣ್ಣಿ ಇಳಿಯಿತು. ಮಿಲಿಟರಿಯವರು ಅದಕ್ಕೆ ತೋಪು ಹಾರಿಸಿದಾಗ ಮುಂದೆ ಕುಳಿತ ರೈತನೊಬ್ಬನಿಗೆ ತಡೆಯಲಾಗಲಿಲ್ಲ. "ತೋಪ ಯಾಕ್ರಿ? ತಂಬಾಕದ ನೀರ ಹಚ್ರಿ, ಉದುರತೈತಿ!" ಎಂದು ಕೂಗಿದ. ಭವನ ಬಿದ್ದುಬಿದ್ದು ನಕ್ಕಿತು. ಬಂದೇಸಾಬ ನಗಲಿಲ್ಲ. ಅಡುಗೆಮನೆಯಿಂದ ಕೊಬ್ಬರಿ ಹಿಡಿದು ಹೊರಬಂದ ಹೆಂಗಸನ್ನು ಅವನು ಆಗಷ್ಟೇ ನೋಡಿದ್ದ. ಹತ್ತಿಮತ್ತೂರಿನ ಹೆಣ್ಣುಮಕ್ಕಳ ಸಂಘಕ್ಕೆ ಅಡುಗೆ ಗುತ್ತಿಗೆ ಕೊಟ್ಟಿದ್ದರು. ಅವರಲ್ಲಿ ದುರಗವ್ವ ಇದ್ದಳು.

ಹನ್ನೊಂದೂವರೆ ಆಯಿತು. ಅತಿಥಿಗಳು ಹಾನಗಲ್ಲದಲ್ಲಿ ಇದ್ದಾರೆ ಎಂದು ಫೋನು ಬಂತು. ಹನ್ನೊಂದೂಮುಕ್ಕಾಲಿಗೆ ಉಣ್ಣಿ ಸತ್ತಿತು. ಅತಿಥಿಗಳು ಇನ್ನೂ ಹಾನಗಲ್ಲದಲ್ಲೇ ಇದ್ದರು.

"ಮಾಲತೇಶ, ಬಂದ್ ಮಾಡಪಾ" ಎಂದ ಬಂದೇಸಾಬ.

"ಬಂದ್ ಮಾಡಿದ್ರ ಮಂದಿ ಏಳ್ತಾರ್ರಿ ಕಾಕಾ. ಓಡ್ಲಿ ಬಿಡ್ರಿ" ಎಂದು ಮಾಲತೇಶ ಫೋನು ಕಿವಿಗೆ ಹಚ್ಚಿ ಗೇಟಿಗೆ ಓಡಿದ.

ಪರದೆಯ ಮೇಲೆ ಬಿಳಿಗೆರೆ ಕುಣಿದವು. ಇದ್ದಕ್ಕಿದ್ದಂತೆ ಸನಾದಿ ಕೇಳಿತು. ಬಾಸಿಂಗ ಕಟ್ಟಿದ ಹುಡುಗ, ತಲೆ ತಗ್ಗಿಸಿದ ಹುಡುಗಿ, ಉಣ್ಣುವವರ ಸಾಲು. "ಉಣ್ಣಿ ಸತ್ತ ಮ್ಯಾಲ ಹೀರೋನ ಮದುವಿ ಇದು" ಎಂದು ಒಬ್ಬ ವಿವರಿಸಿದ. ಎಲ್ಲರೂ ಒಪ್ಪಿದರು. ಬೀಗರು ಉಂಡರು, ಉಡುಗೊರೆ ಕೊಟ್ಟರು, ಮುತ್ತೈದೆಯರು ಆರತಿ ಎತ್ತಿದರು. ಒಂದೂವರೆ ತಾಸಿನವರೆಗೂ ಅನ್ಯಗ್ರಹದ ಸಿನಿಮಾದಲ್ಲಿ ಹತ್ತಿಮತ್ತೂರಿನ ಊಟದ ಪಂಕ್ತಿ ನಡೆಯಿತು, ಯಾರಿಗೂ ಅನುಮಾನ ಬರಲಿಲ್ಲ. ಶಾಲಿನೊಳಗೆ ಬಂದೇಸಾಬ ಬೆವರುತ್ತಿದ್ದ. ಆಮೇಲೆ ಹಿಂದಿನಿಂದ ಒಬ್ಬ ಎದ್ದ. "ಅಲೇ ಇವನ! ನಮ್ಮ ಗೋಣೆಪ್ಪ ಅಲ್ಲನು ಅವಾ?"

ಅಡುಗೆಮನೆಯ ಬಾಗಿಲಲ್ಲಿ ದುರಗವ್ವ ಸೌಟು ಹಿಡಿದು ನಿಂತಳು.

ಪರದೆಯ ಮೇಲೆ ಹೆಂಗಸರು ಮದುಮಗನನ್ನು ಸುತ್ತುಗಟ್ಟಿ, "ಹೆಸರು ಹೇಳು, ಒಡಪು ಕಟ್ಟಿ ಹೆಂಡತಿ ಹೆಸರು ಹೇಳು" ಎಂದು ಕಾಡುತ್ತಿದ್ದರು. ಅವನು ನಾಚಿ ಮುಖ ಮುಚ್ಚಿಕೊಂಡ. ಅದೇ ಹೊತ್ತಿಗೆ ಹೊರಗೆ ಪಟಾಕಿ ಸಿಡಿದವು. ಮುಖ್ಯ ಅತಿಥಿಗಳು ಬಂದೇ ಬಂದರು. ಮಾಲತೇಶ ಓಡಿ ಬಂದು ಸ್ವಿಚ್ಚಿಗೆ ಕೈ ಹಾಕಿದ.

ಆ ಕೈಯನ್ನು ತಡೆಯದಿದ್ದರೆ ಸಾಕಿತ್ತು. ಪರದೆ ಕಪ್ಪಾಗುತ್ತಿತ್ತು, ಹಾರ ಬೀಳುತ್ತಿತ್ತು. ಯಾರೋ ಕೇಳಿದರೆ ಏನೋ ಒಂದು ಹೇಳಿದರಾಗುತ್ತಿತ್ತು. ಬಂದೇಸಾಬ ಸೌಟು ಹಿಡಿದು ನಿಂತವಳ ಕಡೆ ನೋಡಿ, ಇಳಿದು ಬಂದು ಮಿಷಿನ್ನಿನ ಮುಂದೆ ನಿಂತ.

"ಮುಟ್ಟಬ್ಯಾಡ."

"ಸಾಹೇಬ್ರು ಬಂದಾರ್ರಿ ಕಾಕಾ!"

"ನಾವು ಅವರಿಗೆ ಎರಡು ತಾಸು ಕಾದೇವಿ. ಅವರು ಎರಡು ಮಿನಿಟ ಕಾಯಲಿ."

ಸಾಹೇಬರು ಬಾಗಿಲಲ್ಲಿ ನಿಂತು, ಸನಾದಿಯನ್ನು ತಮ್ಮ ಸ್ವಾಗತವೆಂದು ತಿಳಿದು ಪರದೆಗೆ ಕೈ ಮುಗಿದರು. ಹಿಂಬಾಲಕರು ಚಪ್ಪಾಳೆ ತಟ್ಟಿದರು. ಅದರ ನಡುವೆ ಗೋಣೆಪ್ಪನ ದನಿ ಕೇಳಿತು, ಇಪ್ಪತ್ತನಾಲ್ಕು ವರ್ಷದ ಹುಡುಗನ ದನಿ: "ಸವಣೂರ ಪ್ಯಾಟ್ಯಾಗ ಎಲಿ ಅಡಿಕಿ ಕೊಂಡೆ, ಹತ್ತಿಮತ್ತೂರ ಹೊಲದಾಗ ಹತ್ತಿ ಬಿಡಿಸಿಕೊಂಡೆ, ಮಂದಿ ಮುಂದ ದುರಗವ್ವನ ಕೈ ಹಿಡಕೊಂಡೆ."

ಟೇಪು ಮುಗಿದು ಟಕ್ಕೆಂದು ನಿಂತಿತು.

ದುರಗವ್ವ ಮುಂದೆ ಬಂದಳು. "ಸುಟ್ಟೈತಿ ಅಂದಿದ್ರಲ್ರಿ ಅಣ್ಣಾರ?"

"ಸುಳ್ಳ ಹೇಳಿದ್ದೆ ತಂಗಿ. ಅದರ ಮ್ಯಾಲ ಈ ಪಿಚ್ಚರ್ ಹಾಕಿದ್ದೆ."

"ಮೊದಲಿಂದು? ತಾಳಿ ಕಟ್ಟಿದ್ದು?"

"ಅಳಿಸೇತಿ."

ಅವಳು ಕೂಗಾಡಲಿಲ್ಲ. "ನಿಮ್ಮ ಪಿಚ್ಚರದಾಗಿನ ಪೀಡಾ ಒಂದು ತಾಸಿನ್ಯಾಗ ಸತ್ತಿತ್ರಿ. ನೀವು ನನ್ನ ಮ್ಯಾಲ ಬಿಟ್ಟಿದ್ದು ಮೂವತ್ತು ವರ್ಷಾತು, ಇನ್ನೂ ಸತ್ತಿಲ್ಲ" ಎಂದಳು. "ನಾಳೆ ಇದನ್ನ ತಗೊಂಡು ನಮ್ಮನಿಗೆ ಬರ್ರಿ. ನಮ್ಮತ್ತಿ ಇನ್ನೂ ಅದಾಳ. ಆಕಿ ಮುಂದ ಹೇಳ್ರಿ."

ತಂದ ಹಾರ ಮತ್ತು ಪೇಟ ಹಾಳಾಗಬಾರದೆಂದು ಎರಡನ್ನೂ ಮುಖ್ಯ ಅತಿಥಿಗಳಿಗೇ ಹಾಕಿದರು. ಅವರು ಸಂಗ್ರಹದ ಮಹತ್ವದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು.

ಮರುದಿನ ಬೆಳಿಗ್ಗೆ ಬಂದೇಸಾಬ ಟಿ.ವಿ., ವಿ.ಸಿ.ಆರ್. ಎರಡನ್ನೂ ಆಟೋದಲ್ಲಿ ಇಟ್ಟುಕೊಂಡ. "ಹೊಡದ್ರ ಹೊಡಸ್ಕೊಳ್ರಿ. ಆದ್ರ ಕ್ಯಾಸೆಟ್ಟ ಅಲ್ಲೇ ಕೊಟ್ಟು ಬರ್ರಿ, ಅದು ನಮ್ಮದಲ್ಲ" ಎಂದಳು ರಹಿಮಾಬಿ. ಆ ಕೋಣೆಯ ಬಗ್ಗೆ ಅವಳು ಬೈಯದೆ ಆಡಿದ ಮೊದಲ ಮಾತು ಅದು.

ಸರೋಜವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಎಂಬತ್ತು ದಾಟಿದ ಮುದುಕಿ. ಮಗ ಪರದೆಯ ಮೇಲೆ ಉಂಡದ್ದು, ನಕ್ಕದ್ದು, ಒಡಪು ಹೇಳಿದ್ದು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಬಂದೇಸಾಬ ಅವಳ ಮುಂದೆ ನೆಲದ ಮೇಲೆ ಕುಳಿತು, ಕ್ಯಾಸೆಟ್ಟು ಸುಟ್ಟಿರಲಿಲ್ಲ, ಸೊಸೆಯ ಕಾಲ್ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ, ತಪ್ಪು ತನ್ನದು ಎಂದು ಬಿಡಿಸಿ ಹೇಳಿದ. ಹೇಳಿದರೆ ಎಲ್ಲ ಹಗುರಾಗುತ್ತದೆ ಎಂದುಕೊಂಡಿದ್ದ.

ಮುದುಕಿ ಮುಂದಕ್ಕೆ ಸರಿದು ಟಿ.ವಿ.ಯ ಗಾಜನ್ನು ಸೆರಗಿನಿಂದ ಒರೆಸಿದಳು.

"ಕ್ಯಾಸೆಟ್ಟ ಸುಟ್ಟಿದ್ದಿಲ್ಲಂದ್ರ," ಎಂದಳು, "ನನ್ನ ಮಗಾ ಯಾಕ ಸತ್ತಪಾ?"

ದುರಗವ್ವ ಬಂದು ಅತ್ತೆಯ ಮಗ್ಗುಲಿಗೆ ಕುಳಿತು, ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಟ್ರ್ಯಾಕ್ಟರಿನ ಬ್ರೇಕ್ ಹತ್ತಲಿಲ್ಲ ಅತ್ತಿ," ಎಂದಳು. "ಅಷ್ಟ ಆಗಿದ್ದು."