ಕಲ್ಯಾಣಪುರದ ಅಡುಗೆಮನೆಯಲ್ಲಿ ಸೋಯಾ ಇಲ್ಲದ ಸಾಸ್

ಕೊರೋನಾ ಗಲಾಟೆ ಮುಗಿದ ಮರುವರ್ಷ. ನಾನಾಗ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಹಿರಿಯ ಡಯೆಟಿಷಿಯನ್. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ದಿನವೂ ಕಾರ್ಕಳದಿಂದ ಬಸ್ಸಿನಲ್ಲಿ ಬಂದು, ಸಕ್ಕರೆ ಕಾಯಿಲೆಯವರಿಗೆ ಅನ್ನ ಕಡಿಮೆ ಮಾಡಿ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಯಾರೂ ಕಡಿಮೆ ಮಾಡುತ್ತಿರಲಿಲ್ಲ, ಅದು ಬೇರೆ ಮಾತು.

ಒಂದು ಸೋಮವಾರ ಅಲರ್ಜಿ ವೈದ್ಯರು ಲವೀನಾ ಎಂಬವಳನ್ನು ನನ್ನ ಬಳಿಗೆ ಕಳುಹಿಸಿದರು. ವಯಸ್ಸು ಇಪ್ಪತ್ತೊಂಬತ್ತು, ಕಲ್ಯಾಣಪುರದ ಸೊಸೆ. ಗಂಡ ಕುವೈತಿನಲ್ಲಿ, ಮನೆಯಲ್ಲಿ ಅವಳು ಮತ್ತು ಅತ್ತೆ ಸಿಸಿಲಿಯಾ ಬಾಯಿ ಇಬ್ಬರೇ. ಒಂದು ಭಾನುವಾರ ಅತ್ತೆ ಮಾಡಿದ ಚಿಲ್ಲಿ ಚಿಕನ್ ಉಂಡ ಮೇಲೆ ಅವಳ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿತ್ತು. ಪರೀಕ್ಷೆ ಮಾಡಿದಾಗ ಸೋಯಾ ಅಲರ್ಜಿ ಎಂದು ಖಚಿತವಾಯಿತು. ಎಂದರೆ, ಸೋಯಾ ಕಾಳಿನ ಪ್ರೋಟೀನನ್ನು ದೇಹ ಶತ್ರುವೆಂದು ತಪ್ಪು ತಿಳಿದು ತಿರುಗಿ ಬೀಳುವುದು. ಇನ್ನೊಮ್ಮೆ ಹಾಗಾದರೆ ಜೀವಕ್ಕೇ ಅಪಾಯವೆಂದು ವೈದ್ಯರು ತುರ್ತಿಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಕೊಟ್ಟಿದ್ದರು.

"ಸೋಯಾ ಸಾಸ್ ಬಿಟ್ಟರಾಯ್ತು, ಅದರಲ್ಲಿ ಎಂತ ಉಂಟು?" ಎಂದೆ, ಸಲೀಸಾಗಿ.

ಅವಳ ಕಣ್ಣು ತುಂಬಿತು. "ಬಿಡ್ಲಿಕ್ಕೆ ನಂಗೆ ಕಷ್ಟ ಇಲ್ಲ ಮೇಡಂ. ಆದ್ರೆ ಭಾನುವಾರದ ಆ ಅಡುಗೆ ಅಂದ್ರೆ ಅತ್ತೆಗೆ ಪ್ರಾಣ. ನಾನು ಮುಟ್ಟದಿದ್ರೆ, 'ನನ್ನ ಕೈಯ ಅಡುಗೆ ಬೇಡ ಅಂತ ನಾಟಕ ಮಾಡ್ತಾಳೆ' ಅಂತಾರೆ ಅವರು. ಇನ್ನೊಮ್ಮೆ ಹೀಗಾದ್ರೆ ನಾನು ಕಾಪುವಿಗೆ, ಅಮ್ಮನ ಮನೆಗೆ ಹೋಗುವವಳೇ. ಆ ಮನೆಯಲ್ಲಿ ತುತ್ತು ಎತ್ಲಿಕ್ಕೇ ಹೆದರಿಕೆ."

ಇದು ಚಾರ್ಟ್ ಬರೆದು ಮುಗಿಸುವ ಕೇಸ್ ಅಲ್ಲ ಎಂದು ಆಗ ಹೊಳೆಯಿತು. ನನಗೂ ಹಟ ಬಂತು.

ಸೋಯಾ ಸಾಸಿನಲ್ಲಿ ಇರುವುದೇನು? ಉಪ್ಪು, ಕಪ್ಪು ಬಣ್ಣ, ಚೂರು ಸಿಹಿ, ಮತ್ತು ಹುದುಗಿನಿಂದ ಬರುವ ಗಾಢ ರುಚಿ. ನಮ್ಮ ಡಯೆಟಿಷಿಯನ್ ಭಾಷೆಯಲ್ಲಿ ಅದಕ್ಕೆ ಉಮಾಮಿ ಎನ್ನುತ್ತೇವೆ. ಮಾಂಸದ ಸಾರಿನಲ್ಲಿ, ಅಣಬೆಯಲ್ಲಿ ಸಿಗುವ ರುಚಿ ಅದು. ಮೊದಲು ಹುಳಿನೀರಿಗೆ ಬೆಲ್ಲ ಹಾಕಿ ಕುದಿಸಿದೆ, ಅದು ನೇರ ಗೊಜ್ಜಾಯಿತು. ಅಂಗಡಿಯಿಂದ ತೆಂಗಿನ ನೀರಾದಿಂದ ಮಾಡಿದ ಸಾಸ್ ತಂದೆ, ಪಾಯಸದಷ್ಟು ಸಿಹಿ. ನನ್ನ ಮನೆಯವರು ರುಚಿ ನೋಡಿ ನೋಡಿ, "ನನ್ನನ್ನು ಬಿಟ್ಟುಬಿಡು ಮಾರಾಯ್ತಿ" ಎಂದು ಕೈಮುಗಿದರು.

ಕೊನೆಗೆ ದಾರಿ ಸಿಕ್ಕಿದ್ದು ನನ್ನದೇ ಅಟ್ಟದ ಭರಣಿಯಲ್ಲಿ. ಮಳೆಗಾಲಕ್ಕೆಂದು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತೇವಲ್ಲ, ಸೊಳೆ ಬಳಸಿ ಆ ಉಪ್ಪುನೀರನ್ನು ಚೆಲ್ಲುತ್ತೇವೆ. ಅದೂ ತಿಂಗಳುಗಟ್ಟಲೆ ಹುದುಗು ಬಂದದ್ದೇ! ಒಣಗಿದ ಅಣಬೆ ಒಂದು ಹಿಡಿ, ನೀರು ಎರಡು ಲೋಟ. ಕುದಿಸಿ ಅರ್ಧ ಲೋಟಕ್ಕೆ ಇಳಿಸಿ ಸೋಸಿದೆ. ಒಂದು ಚಮಚ ತಾಳೆಯ ಓಲೆಬೆಲ್ಲವನ್ನು ಕಪ್ಪಾಗುವ ತನಕ ಕಾಯಿಸಿ ಸೇರಿಸಿದೆ. ಮೇಲೆ ಮೂರು ಚಮಚ ಸೊಳೆಯ ಉಪ್ಪುನೀರು, ಅರ್ಧ ಚಮಚ ಕಳ್ಳಿನ ವಿನೆಗರ್. ನಾಲಿಗೆಗೆ ಹಚ್ಚಿ ನೋಡಿದೆ. ಅಬ್ಬಾ! ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಅಷ್ಟು ಚೆನ್ನಾಗಿತ್ತು.

ವೈದ್ಯರು ಒಂದೊಂದು ಸಾಮಾನನ್ನೂ ಪರಿಶೀಲಿಸಿ ಒಪ್ಪಿದರು. ಅಳತೆಯೆಲ್ಲ ಬರೆದು ಲವೀನಾಳ ಕೈಗೆ ಕೊಟ್ಟೆ. ಹತ್ತೇ ದಿನ. ಅವಳ ಫೋನ್ ಬಂತು. "ನಿಮ್ಮ ಸಾಸ್ ಹಾಕಿದ್ದೇ ತಿಂದದ್ದು ಮೇಡಂ. ಮತ್ತೆ ತುಟಿ ಊದಿತು. ಇಂಜೆಕ್ಷನ್ ಇತ್ತು, ಬದುಕಿದೆ. ನಾಳೆ ಕಾಪುವಿಗೆ ಹೊರಡ್ತೇನೆ."

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. "ಒಂದು ದಿನ ನಿಲ್ಲು, ನಾನು ಬರ್ತೇನೆ" ಎಂದೆ.

ಮರುದಿನ ಅವರ ಅಡುಗೆಮನೆಯಲ್ಲಿ ನಿಂತು ಸಿಸಿಲಿಯಾ ಬಾಯಿಗೆ, "ಹೇಗೆ ಮಾಡಿದ್ರಿ, ನನಗೆ ಮಾಡಿ ತೋರಿಸಿ" ಎಂದೆ. ಆಕೆ ಮುಖ ಬಿಗಿದುಕೊಂಡೇ ಒಲೆ ಹಚ್ಚಿದರು. ಅಳತೆ ಒಂದು ಚಮಚ ಹೆಚ್ಚಿಲ್ಲ, ಕಡಿಮೆ ಇಲ್ಲ. ಆರಿದ ಸಾಸನ್ನು ಸುರಿಯಲು ಹಳೆಯ ಸೋಯಾ ಸಾಸಿನ ಬಾಟಲಿ ತೆಗೆದರು. ಅದರ ಅಡಿಯಲ್ಲಿ ಎರಡು ಬೆರಳಿನಷ್ಟು ಕಪ್ಪು ದ್ರವ ಇತ್ತು.

"ಅದು ಎಂತದ್ದು?"

"ಹಳೆಯದ್ದು. ಅಡಿಯಲ್ಲಿ ಸ್ವಲ್ಪ ಉಳಿಸದಿದ್ರೆ ಹೊಸದಕ್ಕೆ ರುಚಿ ಹತ್ತುದು ಹೇಗೆ?" ಎಂದು ಆಕೆ ನನ್ನನ್ನೇ ದಡ್ಡಿಯೆಂಬಂತೆ ನೋಡಿದರು.

ಆಕೆ ಊರಿಗೆಲ್ಲ ಹೆಸರಾದ ಕಳ್ಳಿನ ವಿನೆಗರ್ ಮಾಡುವವರು. ವಿನೆಗರಿನ ಭರಣಿಯನ್ನು ಯಾರೂ ತೊಳೆಯುವುದಿಲ್ಲ. ಹಳೆಯದನ್ನು ತಳದಲ್ಲಿ ಬಿಟ್ಟು ಅದರ ಮೇಲೆ ಹೊಸ ಕಳ್ಳು ಸುರಿಯುತ್ತಾರೆ. ನಲವತ್ತು ವರ್ಷದ ಆ ಅಭ್ಯಾಸವನ್ನೇ ಆಕೆ ಇಲ್ಲೂ ಮಾಡಿದ್ದರು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಗೆ ಅಂಟಿಸಿದ್ದ ನನ್ನ ಚೀಟಿ ಕಣ್ಣಿಗೆ ಬಿತ್ತು. ಚಮಚದ ಲೆಕ್ಕವೆಲ್ಲ ಇತ್ತು. ಹೊಸ ಬಾಟಲಿ ಎಂಬ ಎರಡು ಪದ ಮಾತ್ರ ಇರಲಿಲ್ಲ.

"ತಪ್ಪು ನನ್ನದು" ಎಂದೆ. ಸೋಯಾ ಒಂದು ಹನಿಯಿದ್ದರೂ ಸಾಕು ಎಂದು ವಿವರಿಸಿದೆ.

ಸಿಸಿಲಿಯಾ ಬಾಯಿ ನೆಲದ ಮೇಲೇ ಕುಳಿತುಬಿಟ್ಟರು. "ನನ್ನ ಕೈಯಿಂದಲೇ ಆದದ್ದಾ? ನಾಟಕ ಅಂದೆನಲ್ಲ ಈ ಹುಡುಗಿಗೆ, ದೇವರೇ!" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಲವೀನಾ ಅತ್ತೆಯ ಪಕ್ಕದಲ್ಲಿ ಕುಳಿತಳು. "ಮಾಂಯ್, ಹೊಸ ಬಾಟ್ಲಿ ತರ್ತೇನೆ. ನೀವೇ ಮಾಡಿ. ನಿಮ್ಮ ಕೈಯದ್ದೇ ತಿಂತೇನೆ."

ವೈದ್ಯರು ಹೂಂ ಎಂದ ಮೇಲೆ, ಒಂದು ಭಾನುವಾರ ನಾನೂ ಹೋದೆ. ಬಾಣಲೆ, ಸೌಟು, ಬಾಟಲಿ ಎಲ್ಲ ಹೊಸದು. ಮೇಜಿನ ಮೇಲೆ ಇಂಜೆಕ್ಷನ್. ಲವೀನಾ ಮೊದಲ ತುತ್ತು ನುಂಗಿದಳು. ಎರಡು ಗಂಟೆ ನಾವು ಮೂವರೂ ಅವಳ ತುಟಿಯ ಬಗ್ಗೆ ಬಿಟ್ಟು ಬೇರೆಲ್ಲ ಮಾತಾಡಿದೆವು. ಏನೂ ಆಗಲಿಲ್ಲ. ಅಲ್ಲಿಯ ತನಕ ಒಂದಗುಳೂ ಮುಟ್ಟದೆ ಕುಳಿತಿದ್ದ ಅತ್ತೆ ಮೆಲ್ಲಗೆ, "ಇನ್ನು ಸ್ವಲ್ಪ ಬಡಿಸ್ಲಾ?" ಎಂದರು. ಲವೀನಾ ಬಟ್ಟಲನ್ನು ಮುಂದೆ ಚಾಚಿದಳು.

ಮೂವತ್ತನಾಲ್ಕು ವರ್ಷದ ನನ್ನ ನೌಕರಿಯಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾವ ಊಟವನ್ನೂ ನೋಡಿದ್ದಿಲ್ಲ. ಅಂದಿನಿಂದ ನಿವೃತ್ತಿಯಾಗುವ ತನಕ, ಅಡುಗೆ ಮಾಡುವವರನ್ನು ಎದುರಿಗೆ ಕೂರಿಸಿಕೊಳ್ಳದೆ ನಾನು ಯಾವ ರೋಗಿಗೂ ಚಾರ್ಟ್ ಬರೆಯಲಿಲ್ಲ.