ಕೂರಲಾಗದ ಬಾಣಂತಿ

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ನೆನಪು ಹೋಗುವಷ್ಟು ಹಿಂದಕ್ಕೆ ಹೋದರೂ ಅದು ಅಲ್ಲಿ ಇದ್ದೇ ಇದೆ. ಅವಳ ಜಡೆ ಉದ್ದ, ಅವಳ ಅಕ್ಷರ ದುಂಡಗೆ, ಪೇಟೆಯಿಂದ ಬಂದ ಅಪ್ಪ ಮೊದಲು ಕೂಗುವುದು ಅವಳ ಹೆಸರನ್ನು. ನನ್ನ ಕೈಯಲ್ಲಿದ್ದದ್ದು ಒಂದೇ ಆಯುಧ, ಚಾಡಿ. ಅವಳು ಡಬ್ಬದಿಂದ ಬೆಲ್ಲ ಕದ್ದರೆ, ಆ ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಸುದ್ದಿ ಅಮ್ಮನಿಗೆ ಮುಟ್ಟಿರುತ್ತಿತ್ತು.

ಮದುವೆಯಾಗಿ ಅವಳು ಶೃಂಗೇರಿ ಕಡೆಯ ಬೇಗಾರಿಗೆ ಹೋದಳು, ನಾನು ಕೊಪ್ಪದ ಕಡೆಯ ನಾರ್ವೆಗೆ. ದಿನಾ ಮುಖ ನೋಡುವುದು ತಪ್ಪಿದ ಮೇಲೆ ಕಿಚ್ಚೂ ಸ್ವಲ್ಪ ತಣ್ಣಗಾಗಿತ್ತು. ಚೊಚ್ಚಲ ಹೆರಿಗೆಗೆಂದು ಶೆಟ್ಟಿಕೊಪ್ಪದ ತವರಿಗೆ ಹೊರಟಾಗ, ಇನ್ನು ಮೂರು ತಿಂಗಳು ಅಮ್ಮ ಪೂರ್ತಿ ನನ್ನವಳು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಬಾಣಂತಿ ಕೋಣೆಯಲ್ಲಿ ಎರಡು ಮಂಚ. ಅಕ್ಕನ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕಿತ್ತು. ಅವಳ ಅತ್ತೆಗೆ ಮಂಡಿನೋವು ಜೋರಾಗಿ, ಅಕ್ಕನೂ ಇಲ್ಲಿಗೇ ಬಂದು ಕೂತಿದ್ದಳು. ಹನ್ನೊಂದು ದಿನದ ಅಂತರದಲ್ಲಿ ಅವಳಿಗೆ ಗಂಡಾಯಿತು, ನನಗೆ ಹೆಣ್ಣು.

ಅಮ್ಮನ ಬಾಣಂತನವೆಂದರೆ ಕಟ್ಟುನಿಟ್ಟು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ. ಸೊಪ್ಪು ಶೀತ, ಹಣ್ಣು ಶೀತ, ಮಜ್ಜಿಗೆಯ ಹೆಸರೆತ್ತಬಾರದು. ನೀರು ಕುಡಿದರೆ ಹೊಟ್ಟೆ ಜೋಲುತ್ತದೆ, ಮಗುವಿಗೆ ನೆಗಡಿಯಾಗುತ್ತದೆ ಎಂದು ಊಟದ ಜೊತೆ ಅರ್ಧ ಲೋಟ ಜೀರಿಗೆ ನೀರು ಮಾತ್ರ. ಚೆನ್ನಾಗಿ ನೀರು ಕುಡಿಯಿರಿ ಎಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದನ್ನು ಅಮ್ಮ ಮನೆ ಮುಟ್ಟುವ ಮೊದಲೇ ಕಾರಿನಲ್ಲಿ ರದ್ದು ಮಾಡಿದ್ದಳು. ಇಬ್ಬರಲ್ಲಿ ಒಳ್ಳೆಯ ಬಾಣಂತಿ ನಾನೇ ಎನ್ನಿಸಿಕೊಳ್ಳಬೇಕೆಂದು ನಾನು ಆ ಅರ್ಧ ಲೋಟದಲ್ಲೂ ಒಂದು ಗುಟುಕು ಉಳಿಸುತ್ತಿದ್ದೆ.

ಎರಡನೆಯ ವಾರ ನಾಲ್ಕು ದಿನ ಸರಿಯಾಗಿ ಪಾಯಿಖಾನೆಗೆ ಹೋಗಲಾಗಲಿಲ್ಲ. ಐದನೆಯ ದಿನ ಹೋದೆ, ಟವೆಲಿನ ತುದಿಯನ್ನು ಕಚ್ಚಿ ಹಿಡಿದು ಕೂತೆ. ಗಾಯಕ್ಕೆ ಮೆಣಸಿನಪುಡಿ ಹಚ್ಚಿದಂಥ ಉರಿ. ಎದ್ದು ನೋಡಿದರೆ ಕೆಂಪಗೆ ನಾಲ್ಕು ಹನಿ ರಕ್ತ. ಉರಿ ಅಲ್ಲಿಗೆ ಮುಗಿಯಲಿಲ್ಲ, ಮಧ್ಯಾಹ್ನದವರೆಗೂ ಬಿಡದೆ ಹಿಂಡಿತು. ಮರುದಿನ ಹೆದರಿ ತಡೆದುಕೊಂಡೆ. ತಡೆದಷ್ಟೂ ಗಟ್ಟಿಯಾಯಿತು, ಗಟ್ಟಿಯಾದಷ್ಟೂ ಹೆದರಿದೆ. ಕೊನೆಗೆ ತಿಂದರೆ ತಾನೇ ಹೋಗಬೇಕು ಎಂದು ಊಟವನ್ನೇ ಅರ್ಧ ಮಾಡಿದೆ.

ಅದೇ ಮನೆ, ಅದೇ ಸಾರು, ಅದೇ ತುಪ್ಪ. ಅಕ್ಕ ಪಾಯಿಖಾನೆಗೆ ಹೋದರೆ ಚಿಲಕ ಹಾಕಿದ ಸದ್ದಿನ ಬೆನ್ನಿಗೇ ತೆಗೆದ ಸದ್ದು ಕೇಳುತ್ತಿತ್ತು. ಹಾಡು ಗುನುಗುತ್ತಾ ಹೊರಗೆ ಬರುತ್ತಿದ್ದಳು. ಜನ ಒಡವೆ ನೋಡಿ, ಕಾರು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಇದಕ್ಕೆ ಉರಿದುಕೊಂಡೆ, ಹೇಳಲು ನಾಚಿಕೆಯಿಲ್ಲ. ಸ್ನಾನದಲ್ಲೂ ಅವಳಿಗೊಂದು ಸವಲತ್ತು. ಎರಡನೆಯ ಬಾಣಂತನ, ತನಗೆಲ್ಲ ಗೊತ್ತು ಎಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಬೇಕಾದಷ್ಟು ಹೊತ್ತು ತಾನೇ ಮೀಯುತ್ತಿದ್ದಳು. ನನ್ನನ್ನು ಕೂರಿಸಿ ಅಮ್ಮ ನೀರು ಹುಯ್ಯುತ್ತಿದ್ದಳು.

ಕೂರುವುದೇ ಕಷ್ಟವಾದ ಮೇಲೆ ಹಾಲು ಕೊಡುವುದು ಹೇಗೆ? ಮಲಗಿ ಕೊಟ್ಟರೆ ಮಗುವಿನ ಕಿವಿ ಸೋರುತ್ತದೆ ಎಂಬುದು ಅಮ್ಮನ ಇನ್ನೊಂದು ಕಾನೂನು. ಹಾಗಾಗಿ ಕಿಟಕಿಗೆ ಒರಗಿ ನಿಂತುಕೊಂಡೇ ಕುಡಿಸುತ್ತಿದ್ದೆ. ಕಾಲು ನಡುಗಿದಾಗ ಮಗಳನ್ನು ಅರ್ಧಕ್ಕೇ ಬಿಡಿಸುತ್ತಿದ್ದೆ, ಅವಳು ಕಿರುಚುತ್ತಿದ್ದಳು. ಒಂದು ಮಧ್ಯಾಹ್ನ ನಾನು ಪಾಯಿಖಾನೆಯಿಂದ ಗೋಡೆ ಹಿಡಿದುಕೊಂಡು ಬಂದಾಗ ಕೋಣೆ ನಿಶ್ಶಬ್ದವಾಗಿತ್ತು. ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಎದೆಯಲ್ಲಿದ್ದದ್ದು ನನ್ನ ಮಗಳು.

"ಅಳ್ತಿತ್ತು ಕಣೆ, ಅದಕ್ಕೇ" ಎಂದಳು.

ಕಿತ್ತುಕೊಂಡೆ. ಮಗಳು ಬಾಯಿ ಅಗಲಿಸಿ ಅತ್ತು ಅವಳ ಕಡೆಗೇ ತಿರುಗಿದಳು. ಜಡೆ, ಅಕ್ಷರ, ಅಪ್ಪನ ಕೂಗು ಎಲ್ಲ ಆಯಿತು, ಈಗ ಇದೂ ಅವಳದ್ದೇ.

ಆ ವಾರ ಆಶಾ ಕಾರ್ಯಕರ್ತೆ ಬಂದು ಇಬ್ಬರು ಮಕ್ಕಳನ್ನೂ ಜೋಲಿಯಲ್ಲಿ ಹಾಕಿ ತೂಕ ನೋಡಿದಳು. ಅಕ್ಕನ ಮಗನ ತೂಕ ಏರಿತ್ತು, ನನ್ನ ಮಗಳದ್ದು ಇದ್ದಲ್ಲೇ ಇತ್ತು. "ಹಾಲು ಸಾಲ್ತಿಲ್ಲ ಇದಕ್ಕೆ" ಎಂದಳು. ಅಮ್ಮ ತಕ್ಷಣ, "ಹಂಗಾರೆ ದೊಡ್ಡವಳೇ ಇಬ್ರಿಗೂ ಕೊಡ್ಲಿ ಬಿಡು, ಅವಳಿಗೆ ಬೇಕಾದಷ್ಟು ಉಂಟು" ಎಂದಳು.

ಅಷ್ಟು ದಿನ ನಾಚಿಕೆಯಿಂದ ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು. ಹಾಲು ಇಲ್ಲದ್ದಲ್ಲ, ಕೂರಲಿಕ್ಕೇ ಆಗುತ್ತಿಲ್ಲ, ರಕ್ತ ಹೋಗುತ್ತಿದೆ ಎಂದು ಎಲ್ಲರ ಮುಂದೆ ಹೇಳಿದೆ. ಮಗಳಿಗಾಗಿ ಹೇಳಿದೆ ಎಂದು ಬರೆದರೆ ಚೆಂದ. ನಿಜವೆಂದರೆ, ಅವಳನ್ನು ಅಕ್ಕನಿಗೆ ಬಿಟ್ಟುಕೊಡಲಾರದೆ ಹೇಳಿದೆ.

"ಅಯ್ಯೋ, ಉಷ್ಣ ಆಗಿ ಮೂಲವ್ಯಾಧಿ ಎದ್ದಿದೆ. ಬೇರಿನ ಮದ್ದು ತರಿಸ್ತೆ" ಎಂದಳು ಅಮ್ಮ. ಅಕ್ಕ ಮಾತ್ರ ತೊಟ್ಟಿಲಿನ ಹಗ್ಗದ ಗಂಟನ್ನು ಬಿಗಿ ಮಾಡಿದಳು. ಆಮೇಲೆ, "ಮದ್ದು ಗಿದ್ದು ಎಂತದೂ ಬೇಡ ಅಮ್ಮ, ಡಾಕ್ಟ್ರಿಗೆ ತೋರ್ಸು" ಎಂದಳು. ಇದರಲ್ಲೂ ಇವಳದ್ದೇ ಯಜಮಾನಿಕೆ ಎಂದು ನನಗೆ ಸಿಟ್ಟು ಬಂತು.

ಕೊಪ್ಪದ ಲೇಡಿ ಡಾಕ್ಟರ್ ಪರದೆ ಎಳೆದು, ಎಡ ಮಗ್ಗುಲಿಗೆ ಮಲಗಿಸಿ ನೋಡಿದರು. ನಾನು ಹೆದರಿದ್ದ ಯಾವ ಪರೀಕ್ಷೆಯೂ ಇರಲಿಲ್ಲ, ಒಂದು ನಿಮಿಷವೂ ಹಿಡಿಯಲಿಲ್ಲ.

"ಇದು ಮೂಲವ್ಯಾಧಿ ಅಲ್ಲಮ್ಮ. ಅದ್ರಲ್ಲಿ ರಕ್ತನಾಳ ಊದ್ಕೊಂಡಿರ್ತದೆ. ರಕ್ತ ಹೋಗ್ತದೆ, ಆದ್ರೆ ಸಾಧಾರಣವಾಗಿ ಇಷ್ಟು ನೋವಿರೋದಿಲ್ಲ. ಕೀವು ಕಟ್ಟಿ ಪಕ್ಕದಲ್ಲಿ ಬೇರೆ ದಾರಿ ಮಾಡ್ಕೊಂಡ್ರೆ ಅದು ಫಿಸ್ಟುಲಾ. ನಿಮ್ದು ಫಿಶರ್, ಚರ್ಮ ಬಿರುಕು ಬಿಟ್ಟಿದೆ. ಗಟ್ಟಿ ಮಲ ಹೋಗಿ ಹೋಗಿ ಆದದ್ದು. ದಿನಕ್ಕೆ ಎಷ್ಟು ನೀರು ಕುಡೀತೀರಿ?"

ನಾನು ಅಮ್ಮನ ಮುಖ ನೋಡಿದೆ. ಡಾಕ್ಟರೂ ಅಮ್ಮನ ಮುಖ ನೋಡಿದರು, ಆಮೇಲೆ ಹೇಳಿದ್ದೆಲ್ಲ ಅಮ್ಮನಿಗೇ. ನೀರು ಧಾರಾಳ ಕೊಡಿ, ಸೊಪ್ಪು ಹಣ್ಣು ಕೊಡಿ. ಮಲ ಮೆತ್ತಗಾಗಲು ಸಿರಪ್ಪು, ಹಚ್ಚಲು ಮುಲಾಮು. ಪಾಯಿಖಾನೆಗೆ ಹೋಗಿ ಬಂದಮೇಲೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಬೇಕು. ತಡೆದುಕೊಳ್ಳಬಾರದು, ತಿಣುಕಬಾರದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಷ್ಟರಲ್ಲೇ ಮಾಯುತ್ತದೆ, ಮಾಯದಿದ್ದರೆ ಮತ್ತೆ ಬನ್ನಿ, ಬೇರೆ ಚಿಕಿತ್ಸೆ ಇದೆ ಎಂದರು. "ಅಲ್ಲಿವರೆಗೆ ಮಲಗಿಯೇ ಹಾಲು ಕೊಡ್ಲಿ. ಕಿವಿ ಎಂತದೂ ಸೋರೋದಿಲ್ಲ." ವಾಪಸು ಬರುವಾಗ ಅಮ್ಮ ಪೇಟೆಯಲ್ಲಿ ಕಾರು ನಿಲ್ಲಿಸಿ ಎರಡು ಕಟ್ಟು ಹರಿವೆ ಸೊಪ್ಪು ಕೊಂಡಳು.

ಮೊದಲ ವಾರ ಅಷ್ಟೇನೂ ಗೊತ್ತಾಗಲಿಲ್ಲ. ಎರಡನೆಯ ವಾರ ಉರಿ ಬೇಗ ಇಳಿಯತೊಡಗಿತು, ರಕ್ತ ನಿಂತಿತು. ಇನ್ನೂ ಎರಡು ವಾರ ಕಳೆದ ಮೇಲೆ ಒಂದು ದಿನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಅಕ್ಕನ ಪಕ್ಕದಲ್ಲಿ ಕೂತೆ. ಅವಳು ಮಗನಿಗೆ ಕುಡಿಸುತ್ತಿದ್ದಳು, ನಾನು ಮಗಳಿಗೆ. ನನ್ನವಳು ಹೊಟ್ಟೆ ತುಂಬ ಕುಡಿಯುತ್ತಿದ್ದಳು. ಯಾರ ಮಗು ಹೆಚ್ಚು ಹೊತ್ತು ಕುಡಿಯುತ್ತದೆಂದು ಓರೆಗಣ್ಣಿನಲ್ಲಿ ನೋಡುತ್ತಲೇ ಕೇಳಿದೆ.

"ಇಬ್ರಿಗೂ ಒಂದೇ ಊಟ ಅಲ್ವಾ? ನಿಂಗೆ ಹೆಂಗೆ ಎಂತದೂ ಆಗ್ಲಿಲ್ಲ?"

"ಮೊದಲ ಬಾಣಂತನದಲ್ಲಿ ನಂಗೂ ಆಗಿತ್ತು ಮಾರಾಯ್ತಿ. ಯಾರಿಗೂ ಹೇಳ್ಳಿಲ್ಲ, ಆರು ತಿಂಗಳು ಸತ್ತೆ. ಅದಕ್ಕೇ ಈ ಸಲ ಮೀಯೋಕೆ ಹೋದಾಗ ಬಾಗಿಲು ಹಾಕ್ಕೊಂಡು ಹಂಡೆಯಿಂದ ದೊಡ್ಡ ಚೊಂಬು ತುಂಬ ನೀರು ಕುಡೀತಿದ್ದೆ. ಪಾತ್ರೆ ತೊಳೆಯೋಕೆ ಬರೋರು ಗುಟ್ಟಾಗಿ ಪಪ್ಪಾಯಿ ಹಣ್ಣು ತಂದು ಕೊಡ್ತಿದ್ರು."

ನನಗೆ ಮೈಯೆಲ್ಲ ಉರಿಯಿತು. ನಾನು ಗೋಡೆ ಹಿಡಿದು ನಡೆಯುವುದನ್ನು ಇವಳು ದಿನಾ ನೋಡಿದ್ದಳು.

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಅಕ್ಕ ಮಗನ ತಲೆ ಸವರಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಹೇಳಿದ್ರೆ ನೀನು ಅಮ್ಮಂಗೆ ಹೇಳ್ತಿದ್ದೆ. ಆಮೇಲೆ ನಂಗೂ ನೀರಿಲ್ಲ."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಣಂತನದ ಮೊದಲ ವಾರ ನೆನಪಾಯಿತು, ಲೋಟದಲ್ಲಿ ಉಳಿಸುತ್ತಿದ್ದ ಆ ಒಂದು ಗುಟುಕು ನೆನಪಾಯಿತು. ಮಗಳನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡೆ.

"ಹೌದು, ಹೇಳ್ತಿದ್ದೆ" ಎಂದೆ.