ಇಮಾಂಬಿಯ ಕೋಳಿ ತಿಂದ ಭತ್ತ

ಕೋಳಿಯ ಕೊಕ್ಕು ಬಿಡಿಸಿ, ಅದು ನುಂಗಲಿದ್ದ ಕಾಳನ್ನು ಬೆರಳು ಹಾಕಿ ತೆಗೆಯುವ ಹೆಂಗಸನ್ನು ನೀವು ಎಲ್ಲಿಯೂ ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ನಮ್ಮ ಅಂಗಳದಲ್ಲಿ ಭತ್ತ ಒಣಹಾಕಿದ್ದ ತಾಡಪತ್ರಿಯ ಅಂಚಿನಲ್ಲಿ, ಸೆರಗನ್ನು ತಲೆಗೆ ಬಿಗಿದುಕೊಂಡು, ಮೊಣಕಾಲುಗಳ ನಡುವೆ ಕೆಂಪು ಕೋಳಿಯನ್ನು ಇರುಕಿಕೊಂಡು ಆಕೆ ಕೂತಿದ್ದಳು.

"ಉಗುಳು ಕಳ್ಳಿ, ಉಗುಳು! ಮಂದಿ ಭತ್ತ ತಿಂದು ನನ್ನ ನಮಾಜು ಕೆಡಸ್ತಿ!"

ಕೋಳಿ ಒಮ್ಮೆ ಕಣ್ಣು ಮುಚ್ಚಿ ತೆರೆದು ಗುಟುಕ್ಕೆಂದು ನುಂಗಿಬಿಟ್ಟಿತು.

ಇಮಾಂಬಿ ನಮ್ಮ ಪಕ್ಕದ ಮನೆಯವಳು. ನಾನು ಚಿಗವ್ವ ಅನ್ನುತ್ತಿದ್ದೆ. ಮಗಳು ಶಾಹಿನ್ ಮತ್ತು ಅಳಿಯನ ಜತೆ ಇದ್ದರೂ ಅವರ ಮೇಲೆ ಭಾರ ಹಾಕದೆ, ಕೋಳಿ ಸಾಕಿ ಕನಕಗಿರಿಯ ಸಂತೆಯಲ್ಲಿ ತತ್ತಿ ಮಾರುತ್ತಿದ್ದಳು. ಮಾರುವ ರೀತಿಯೂ ವಿಚಿತ್ರ. ಗಿರಾಕಿ ಕೈ ಹಾಕಿದರೆ, "ಅದನ್ನ ಬಿಡ್ರಿ, ಅದು ಹೋದ ಸಂತಿದು. ಇದನ್ನ ತಗೋರಿ" ಎಂದು ತಾನೇ ಹೇಳಿಬಿಡುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡವಳು ಹಣೆ ಚಚ್ಚಿಕೊಳ್ಳುತ್ತಿದ್ದಳು: "ನೀ ಹಾಳಾಗೂದಲ್ಲದ ನನ್ನ ಯಾಪಾರಾನೂ ಹಾಳ ಮಾಡ್ತಿ ನೋಡು!"

ಇಮಾಂಬಿಗೆ ಇದ್ದದ್ದು ಒಂದೇ ಹಟ. "ಹೊಟ್ಟಿಗಿ ಹೋಗೂ ತುತ್ತು ಹಲಾಲ್ ಇರಬೇಕವ್ವಾ. ನಾ ದುಡಿದದ್ದು, ಇಲ್ಲಾಂದ್ರ ಮಂದಿ ಮನಸಾರೆ ಕೊಟ್ಟದ್ದು. ಹಂಗಿಲ್ಲದಿದ್ರ ಎಷ್ಟು ಸಲ ಹಣಿ ನೆಲಕ್ಕ ಹಚ್ಚಿದ್ರೂ ದುವಾ ಮ್ಯಾಲ ಏರೂದಿಲ್ಲ. ಹೊಟ್ಟ್ಯಾಗ ಕುಂತು ಕಾಲು ಹಿಡಿದು ಜಗ್ಗತೈತಿ."

ತಿಪ್ಪೆ ಕೆದರಿಕೊಂಡು ತಿರುಗಿದ ಕೋಳಿಯನ್ನು ಹಾಗೆಯೇ ಕೊಯ್ಸುತ್ತಿರಲಿಲ್ಲ. ಹಬ್ಬಕ್ಕೆ ಮುಂಚೆ ಕೆಲವು ದಿನ ಬುಟ್ಟಿಯ ಕೆಳಗೆ ಕೂಡಿಹಾಕಿ ಒಳ್ಳೆಯ ಕಾಳು ಹಾಕುತ್ತಿದ್ದಳು. ಅದನ್ನು ನೋಡಿ ನನ್ನ ಅತ್ತೆ, ಎಂದರೆ ನಿಮ್ಮ ಮುತ್ತಜ್ಜಿ, ಬೇಲಿಯಾಚೆಯಿಂದ ಕೆಣಕುತ್ತಿದ್ದರು.

"ಏನ ಇಮಾಂಬಿ, ಕೋಳಿಗೂ ರೋಜಾ ಹಿಡಿಸೀದೇನು?"

"ರೋಜಾ ನಂದಕ್ಕಾ. ಅದಕ್ಕ ಎರಡು ಹೊತ್ತೂ ಜ್ವಾಳ. ಈ ಮನ್ಯಾಗ ಸುಖ ಅಂದ್ರ ಅದರದ್ದು!"

ಕೋಳಿ ನಮ್ಮ ಭತ್ತ ನುಂಗಿದ ಮರುದಿನ ಬೆಳಿಗ್ಗೆ ಇಮಾಂಬಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಅತ್ತೆ ಆಗಷ್ಟೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದಿದ್ದರು. ಅವರ ಮುಂದೆ ಎರಡು ತತ್ತಿ ಇಟ್ಟಳು.

"ಶಿವಶಿವಾ! ತಗಿ ತಗಿ! ಲಿಂಗ ಕಟ್ಟಿದವರ ಮನಿಗೆ ತತ್ತಿ ತರ್ತಾರೇನ?"

"ನಾ ಏನ್ ಮಾಡ್ಲಕ್ಕಾ? ನಿಮ್ಮ ಭತ್ತ ತಿಂದು ಇಟ್ಟ ತತ್ತಿ. ನಾ ತಿಂದ್ರ ನಂಗ ಹರಾಮು."

"ನಾವು ತಿಂದ್ರ ನಮಗ ಕುಲ ಹೋಗತೈತಿ!"

ಇಬ್ಬರೂ ತತ್ತಿಯನ್ನು ಅತ್ತ ಇತ್ತ ದೂಡಿದರು. ಅತ್ತೆ ಕೈಯಿಂದ ಮುಟ್ಟದೆ ಕಸಬರಿಗೆಯ ಹಿಡಿಯಿಂದ ದೂಡಿದರು. ಕೊನೆಗೆ ಇಮಾಂಬಿಯೇ ದಾರಿ ಹೇಳಿದಳು: "ಹಂಗಾರ ಒಂದು ಮಾತು ಅಂದುಬಿಡು. ‘ಕೊಟ್ಟೆ’ ಅನ್ನು. ಮನಸಾರೆ ಕೊಟ್ರ ಹಲಾಲ್ ಆಗತೈತಿ."

ಅತ್ತೆ ಆಕೆಯನ್ನೇ ನೋಡಿದರು. "ಹಂಗ ಹ್ಯಾಂಗ ಕೊಡಾಕ ಬರತೈತಿ? ಕುಂದ್ರು. ಅಕ್ಕ್ಯಾಗ ಹರಳು ಭಾಳ ಅದಾವು. ಹಸನ ಮಾಡಿ ಸಾಲ ಮುಟ್ಟಿಸು."

ಅಂದಿನಿಂದ ಮಧ್ಯಾಹ್ನದ ನಮಾಜು ಮುಗಿಸಿ ಇಮಾಂಬಿ ನಮ್ಮ ಕಟ್ಟೆಗೆ ಬರತೊಡಗಿದಳು. ಇಬ್ಬರ ನಡುವೆ ಒಂದು ಮೊರ, ಮೊರದ ತುಂಬ ಅಕ್ಕಿ. ಆರಿಸಿದ ಹರಳಿಗಿಂತ ಆಡಿಕೊಂಡ ಜನರೇ ಹೆಚ್ಚು. ಎದ್ದು ಹೋಗುವಾಗ ಇಮಾಂಬಿ ಕೇಳುವಳು, "ಈಗರ ‘ಕೊಟ್ಟೆ’ ಅಂತೀಯೇನಕ್ಕಾ?" "ನಾಳಿ ನೋಡೂಣು" ಎನ್ನುವರು ಅತ್ತೆ. ಕೋಳಿಯಂತೂ ಬೇಲಿಯಲ್ಲಿ ಹೊಸ ಕಂಡಿ ಹುಡುಕಿಕೊಂಡು ಹೊಸ ಸಾಲ ಮಾಡುತ್ತಲೇ ಇತ್ತು.

ನಾನು ಕರುಣೆ ತಾಳಲಾರದೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ, "ಅತ್ತೀ, ಒಂದು ಮಾತು ಅಂದುಬಿಡ್ರಿ. ಪಾಪ, ಆಕಿ ಜೀವ ಚುಳುಚುಳು ಅಂತೈತಿ."

"ಹುಚ್ಚಿ, ಅಂದುಬಿಟ್ರ ನಾಳಿಂದ ಆಕಿ ಯಾಕ ಬರ್ತಾಳ? ನಿನ್ನಂಥ ಮೂಕಿ ಕೂಡ ನಾ ಏನ್ ಮಾತಾಡ್ಲಿ?"

ಅದು ನಿಜವೇ. ನಾಲ್ಕು ಜನ ಇದ್ದಲ್ಲಿ ನನ್ನ ಬಾಯಿ ಹೊಲಿದಂತಾಗುತ್ತಿತ್ತು. ಈಗಲೂ ಆಡುವುದಕ್ಕಿಂತ ಬರೆಯುವುದೇ ನನಗೆ ಸುಲಭ.

ಒಂದು ಸಂಗತಿ ಮಾತ್ರ ತಿಳಿಯುತ್ತಿರಲಿಲ್ಲ. ಇಬ್ಬರು ಕೂತು ಅಷ್ಟು ಹೊತ್ತು ಆರಿಸಿದ ಅಕ್ಕಿಯಲ್ಲೂ ನಿಮ್ಮ ಅಜ್ಜನ ಹಲ್ಲಿಗೆ ಕಟ್ಟಂತ ಹರಳು ಸಿಗುತ್ತಿತ್ತು. ತೊಳೆದು ಬೇಯಿಸಿದ ನನಗೇ ಬೈಗುಳ. ಕೊನೆಗೆ ನನ್ನ ಕಣ್ಣೇ ಸರಿಯಿಲ್ಲವೆಂದು ಗಂಗಾವತಿಗೆ ಕರೆದೊಯ್ದು ಚಸ್ಮಾ ಹಾಕಿಸಿದರು. ಚಸ್ಮಾ ಬಂತು, ಹರಳು ಹೋಗಲಿಲ್ಲ.

ಅತ್ತೆ ಒಂದು ದಿನ ಮಲಗಿದವರು ಏಳಲಿಲ್ಲ. ‘ಕೊಟ್ಟೆ’ ಅನ್ನದೆಯೇ ಹೋದರು. ಇಮಾಂಬಿ ಆಮೇಲೂ ಬರುವುದು ಬಿಡಲಿಲ್ಲ. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅತ್ತೆಯ ಜಾಗ ಬಿಟ್ಟು ತನ್ನ ಜಾಗದಲ್ಲಿ ಕೂತು ಮೊರ ಎಳೆದುಕೊಳ್ಳುತ್ತಿದ್ದಳು. ನಿಮ್ಮ ಅಜ್ಜ ತೀರಿಕೊಂಡ ದಿನಗಳಲ್ಲಿಯೂ ಹಾಗೆಯೇ ಬಂದು ಕೂತಳು.

ಹೋದ ವರ್ಷ ಸುಗ್ಗಿ ಮುಗಿದು ಅಂಗಳದಲ್ಲಿ ಭತ್ತ ಹರವಿದ್ದಾಗ ಶಾಹಿನ್ ಓಡಿ ಬಂದಳು. "ಅಮ್ಮಾ ಕರೀತಾಳ್ರಿ. ಲಗೂನ ಬರ್ರಿ."

ಮನೆ ತುಂಬ ನೆಂಟರು. ಮಂಚದ ಮೇಲೆ ಇಮಾಂಬಿ ಒಣಗಿದ ಹುಲ್ಲಿನಂತಾಗಿದ್ದಳು. ಕಣ್ಣು ಮಾತ್ರ ಮೊದಲಿನ ಹಾಗೇ ತುಂಟತನದಿಂದ ಮಿನುಗುತ್ತಿದ್ದವು.

"ಸೊಸಿ, ನಿಮ್ಮತ್ತಿ ಅನ್ನಲಿಲ್ಲ. ಈಗ ಭತ್ತದ ಒಡತಿ ನೀನು. ಈ ಭಾರ ಹೊತ್ತುಕೊಂಡು ನಾ ಅಲ್ಲಾನ ಮುಂದ ಹ್ಯಾಂಗ ನಿಂದರ್ಲಿ? ಅನ್ನು."

ಎಲ್ಲರೂ ನನ್ನನ್ನೇ ನೋಡಿದರು. ನಾಲಿಗೆ ಏಳಲಿಲ್ಲ. ನಾಚಿಕೆ ಒಂದೇ ಅಲ್ಲ, ಮಕ್ಕಳೇ. ಅಂದುಬಿಟ್ಟರೆ ನಾಳೆ ಆಕೆ ಯಾಕೆ ಬರುತ್ತಾಳೆ?

"ತಡಿ, ಇನ್ನೊಂದು ಹೇಳೂದೈತಿ," ಎಂದಳು. "ನಾ ದಿನಾ ನಾಕು ಹರಳು ಬೇಕಂತಾ ಬಿಡ್ತಿದ್ದೆ. ಎಲ್ಲಾ ಹಸನಾದ್ರ ನಾಳಿ ಬಾ ಅಂತ ಅಕ್ಕ ಯಾಕ ಅಂತಾಳ? ಅದನ್ನೂ ಮಾಫ್ ಮಾಡು."

"ಅಂದ್ರ ನನ್ನ ಕಣ್ಣು ಛಲೋನ ಇದ್ದವೇನು?" ನಾನು ಕಿರುಚಿಯೇಬಿಟ್ಟೆ. "ಸುಳ್ಳೇ ಈ ಚಸ್ಮಾ ಹಾಕಿಸಿದ್ರಲ್ಲ ಚಿಗವ್ವಾ!"

ಅಳುತ್ತಿದ್ದ ಶಾಹಿನ್ ಬಾಯಿಗೆ ಸೆರಗು ಹಿಡಿದು ನಕ್ಕಳು. ನೆಂಟರೂ ನಕ್ಕರು. ಇಮಾಂಬಿ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಲ್ಲುವತನಕ ಆಕೆಯ ಕೈ ಹಿಡಿದಿದ್ದೆ. ಆಮೇಲೆ ಮಾತು ತಾನಾಗಿಯೇ ಬಂತು.

"ಕೊಟ್ಟೆ ಚಿಗವ್ವಾ. ಭತ್ತಾನೂ ಕೊಟ್ಟೆ, ಹರಳೂ ಕೊಟ್ಟೆ."

"ಮನಸಾರೆ?"

"ಮನಸಾರೆ."

ಆಕೆ ಕಣ್ಣು ಮುಚ್ಚಿದಳು. "ನಿಮ್ಮತ್ತಿಗೆ ಹೇಳ್ತೀನಿ, ಮೂಕಿ ಬಾಯಿ ಬಿಟ್ಲು ಅಂತ."

ಆ ಶುಕ್ರವಾರ ಇಮಾಂಬಿ ಹೋದಳು.

ಈಗ ಗಿರಣಿಯಿಂದ ಬರುವ ಅಕ್ಕಿಯಲ್ಲಿ ಹರಳೇ ಇರುವುದಿಲ್ಲ. ಆದರೂ ಮಧ್ಯಾಹ್ನ ನಾನು ಮೊರ ಹಿಡಿದು ಕಟ್ಟೆಗೆ ಬರುತ್ತೇನೆ. ನೀವು ನಗುತ್ತೀರಿ, ನಗಿರಿ. ಆದರೆ ನಿನ್ನೆ ನೀವು ಕೋಲು ಹಿಡಿದು ತಾಡಪತ್ರಿಯಿಂದ ಅಟ್ಟಿದಿರಲ್ಲ, ಆ ಕೆಂಪು ಕೋಳಿ ಇಮಾಂಬಿ ಸಾಕಿದ ಕೋಳಿಯ ಮರಿ. ಅದನ್ನು ಅಟ್ಟಬೇಡಿ. ಅದು ಕದ್ದು ತಿನ್ನುತ್ತಿಲ್ಲ.